ಪ್ಲಾಸ್ಟಿಕ್ಕಿನ ಮೇಲ್ಮೈ ಸಂಸ್ಕಾರ

ಯಮುನೆಯ ಪೂರ್ವದ ದಂಡೆಯಲ್ಲಿರುವ ಮಯೂರ್ ವಿಹಾರ್ ಬಡಾವಣೆಯಲ್ಲಿ ದಿನದ ವ್ಯವಹಾರ ತೊಡಗುವುದು ಹಾಲಿನ ಮಳಿಗೆಯಿಂದ. ಸಮೀಪದ ಪಟ್‌ಪಡ್‌ಗಂಜಿನಲ್ಲಿ ಮದರ್ ಡೇರಿಯ ಸ್ಥಾವರವಿದೆ. ದೆಹಲಿಯಲ್ಲಿ ಆ ಸಂಸ್ಥೆಯ ಕೆಲಸ ೧೯೭೪ರಲ್ಲಿ ಆರಂಭವಾಯಿತು. ಅಲ್ಲಿಯ ಹಾಲಿನಲ್ಲಿ ಒಂದು ಪಾಲು ಯಂತ್ರದ ಮೂಲಕ ಗಿರಾಕಿಯ ಪಾತ್ರೆಗೆ ಬಿಡಿಯಾಗಿ ಇಳಿಯುತ್ತದೆ; ಇನ್ನೊಂದು ಪಾಲು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬರುತ್ತದೆ. ೨೦೨೪ರ ನವೆಂಬರಿನಲ್ಲಿ ಕರ್ನಾಟಕದ ನಂದಿನಿ ಹಾಲೂ ದೆಹಲಿಗೆ ಬಂದಿತು. ಊರು ಬಿಟ್ಟು ಬಂದ ಕನ್ನಡಿಗರಿಗೆ ಪರಿಚಿತವಾದ ಪೊಟ್ಟಣವೊಂದು ಇಲ್ಲಿಯೂ ದೊರೆಯುವಂತಾಯಿತು. ಪೊಟ್ಟಣ ಯಾವ ಸಂಸ್ಥೆಯದೇ ಆಗಲಿ, ಅದರ ಮೈಮೇಲೆ ಹೆಸರು, ಬೆಲೆ, ಬಣ್ಣದ ಪಟ್ಟೆಗಳು ಅಚ್ಚಾಗಿರುತ್ತವೆ. ಶೀತಲಪೆಟ್ಟಿಗೆಯಿಂದ ಹೊರಗೆ ತೆಗೆದಾಗ ಅದು ಬೆವರುತ್ತದೆ. ಒದ್ದೆ ಕೈಯಲ್ಲಿ ಹಿಡಿದರೂ ನಲ್ಲಿಯ ಕೆಳಗೆ ತೊಳೆದರೂ ಶಾಯಿ ಅಳಿಸುವುದಿಲ್ಲ.

ಅದೇ ಮನೆಯ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಬಕೆಟ್ಟೊಂದು ಸೀಳಿದೆ. ಮನೆಯವರು ಅಂಗಡಿಯಿಂದ ಒಳ್ಳೆಯ ಅಂಟನ್ನೇ ತಂದು, ಸೀಳಿನ ಎರಡೂ ಅಂಚಿಗೆ ಸವರಿ, ಒತ್ತಿ ಹಿಡಿದು, ರಾತ್ರಿಯೆಲ್ಲ ಒಣಗಲು ಬಿಡುತ್ತಾರೆ. ಬೆಳಗ್ಗೆ ನೀರು ತುಂಬಿ ಎತ್ತಿದೊಡನೆ ಸೀಳು ಮತ್ತೆ ಬಾಯಿ ಬಿಡುತ್ತದೆ. ಒಣಗಿದ ಅಂಟು ಗಾಜಿನ ಪೊರೆಯಂತೆ ಕಿತ್ತು ಕೈಗೆ ಬರುತ್ತದೆ. ದೋಷವೆಲ್ಲ ಅಂಟಿನದೆಂದು ಬಗೆದು ಮತ್ತೊಂದು ಅಂಟನ್ನು ತರುತ್ತಾರೆ; ಅದರ ಗತಿಯೂ ಅದೇ ಆಗುತ್ತದೆ.

ಹಾಲಿನ ಪೊಟ್ಟಣವೂ ಬಚ್ಚಲಿನ ಬಕೆಟ್ಟೂ ಒಂದೇ ಮನೆತನದ ಪದಾರ್ಥಗಳು. ಒಂದು ಶಾಯಿಯನ್ನು ಬಿಡದು, ಇನ್ನೊಂದು ಅಂಟನ್ನು ಹಿಡಿಯದು. ಈ ವ್ಯತ್ಯಾಸಕ್ಕೆ ಶಾಯಿಯಾಗಲಿ ಅಂಟಾಗಲಿ ಮುಖ್ಯ ಕಾರಣವಲ್ಲ. ಪೊಟ್ಟಣದ ಹಾಳೆಗೆ ಅಚ್ಚುಯಂತ್ರವನ್ನು ಸೇರುವ ಮೊದಲು ಒಂದು ಸಂಸ್ಕಾರವಾಗಿರುತ್ತದೆ, ಬಕೆಟ್ಟಿಗೆ ಆಗಿರುವುದಿಲ್ಲ. ಇಂಗ್ಲಿಷಿನಲ್ಲಿ ‘ಸರ್ಫೇಸ್ ಟ್ರೀಟ್‌ಮೆಂಟ್’ ಎಂದು ಕರೆಯುವ ಈ ಕ್ರಿಯೆಗೆ ಉಪಚಾರ, ಚಿಕಿತ್ಸೆ ಎಂಬ ಮಾತುಗಳಿಗಿಂತ ಸಂಸ್ಕಾರ ಎಂಬ ಮಾತು ಹೆಚ್ಚು ಒಪ್ಪುತ್ತದೆ. ಇಲ್ಲಿ ರೋಗವೇನೂ ಇಲ್ಲ, ಮುಂದಿನ ಕರ್ಮಕ್ಕೆ ಮೈಯನ್ನು ಅರ್ಹಗೊಳಿಸುವುದಷ್ಟೇ ಉದ್ದೇಶ. ಆ ಸಂಸ್ಕಾರದ ಸ್ವರೂಪ, ಬಗೆ, ಮಿತಿಗಳನ್ನು ವಿವರಿಸುವುದು ಈ ಲೇಖನದ ವಿಷಯ.

೧. ಅಂಟುವುದೆಂದರೇನು

ಅಂಟು ಎರಡು ವಸ್ತುಗಳನ್ನು ಹಿಡಿಯಬೇಕಾದರೆ ಮೊದಲು ಅದು ಅವುಗಳ ಮೈಮೇಲೆ ಹರಡಬೇಕು. ಕಣ್ಣಿಗೆ ಎಷ್ಟೇ ನುಣುಪಾಗಿ ತೋರಿದರೂ ಪ್ರತಿಯೊಂದು ಮೈಯಲ್ಲಿಯೂ ಸೂಕ್ಷ್ಮವಾದ ಏರುತಗ್ಗುಗಳುಂಟು. ದ್ರವರೂಪದ ಅಂಟು ಆ ತಗ್ಗುಗಳಿಗೆಲ್ಲ ಇಳಿದು, ನಡುವೆ ಗಾಳಿಗೆ ಎಡೆಗೊಡದೆ, ಅಣುವಿಗೆ ಅಣು ಸಮೀಪಿಸುವಷ್ಟು ಹತ್ತಿರ ಬಂದಾಗ ಮಾತ್ರ ಪರಸ್ಪರ ಆಕರ್ಷಣೆ ಕೆಲಸ ಮಾಡುತ್ತದೆ. ಈ ಆಕರ್ಷಣೆಯ ಹರವು ಬಲು ಕಿರಿದು. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವಾದ ನ್ಯಾನೋಮೀಟರಿನ ಲೆಕ್ಕದಲ್ಲಿ ಅದನ್ನು ಅಳೆಯಬೇಕು. ಅದಕ್ಕಿಂತ ದೂರ ಉಳಿದ ಅಂಟು ಎಷ್ಟು ಬಲವಾದುದಾದರೂ ನಿರುಪಯುಕ್ತ.

ದ್ರವವೊಂದು ಹರಡುವುದೋ ಗುಂಡಾಗಿ ನಿಲ್ಲುವುದೋ ಎಂಬುದನ್ನು ಕನ್ನಡಿಗರು ತಾವರೆಯ ಎಲೆಯ ಮೇಲಿನ ನೀರಿನಲ್ಲಿ, ಕೆಸುವಿನ ಎಲೆಯ ಮೇಲಿನ ಮಳೆಹನಿಯಲ್ಲಿ ಕಂಡು ಬಲ್ಲರು. ಸಂಸಾರದಲ್ಲಿದ್ದೂ ಅಂಟಿಕೊಳ್ಳದವನಿಗೆ ತಾವರೆಯೆಲೆಯ ನೀರನ್ನು ಹೋಲಿಸುವ ವಾಡಿಕೆ ಪ್ರಾಚೀನವಾದದ್ದು. ಆ ಎಲೆಗಳ ಮೈಮೇಲೆ ಮೇಣದಂಥ ಲೇಪವೂ ಅತಿಸೂಕ್ಷ್ಮವಾದ ಉಬ್ಬುಗಳೂ ಇವೆ. ಹನಿಯು ಉಬ್ಬುಗಳ ತುದಿಯನ್ನು ಮಾತ್ರ ಮುಟ್ಟಿ ಗಾಳಿಯ ಹಾಸಿನ ಮೇಲೆ ಉರುಳುತ್ತದೆ. ಶುಭ್ರವಾದ ಗಾಜಿನ ಮೇಲಾದರೆ ಅದೇ ಹನಿ ಚಪ್ಪಟೆಯಾಗಿ ಹರಿದುಹೋಗುತ್ತದೆ. ಹನಿಯ ಅಂಚು ಮೈಯೊಡನೆ ಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಇಂಗ್ಲೆಂಡಿನ ಥಾಮಸ್ ಯಂಗ್ ೧೮೦೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕೋನಕ್ಕೂ ಮೇಲ್ಮೈಗಳ ಎಳೆತಕ್ಕೂ ಇರುವ ಸಂಬಂಧವನ್ನು ತಿಳಿಸಿದನು. ಕೋನ ಕಿರಿದಾದಷ್ಟೂ ದ್ರವಕ್ಕೂ ಮೈಗೂ ಒಲವು ಹೆಚ್ಚು.

ಈ ಒಲವನ್ನು ಅಂಕಿಗಳಲ್ಲಿ ಹೇಳುವ ಮಾನವೊಂದುಂಟು. ಕೈಗಾರಿಕೆಯಲ್ಲಿ ಅದನ್ನು ಸೆಂಟಿಮೀಟರಿಗೆ ಇಷ್ಟು ಡೈನ್ ಎಂದು ಎಣಿಸುವ ರೂಢಿ. ನೀರಿನ ಮೇಲ್ಮೈ ಎಳೆತ ಸುಮಾರು ೭೨ ಡೈನ್. ಘನವಸ್ತುಗಳಿಗೂ ಇದಕ್ಕೆ ಹೊಂದುವ ಮೇಲ್ಮೈ ಶಕ್ತಿ ಇದೆ. ನೈಲಾನಿಗೆ ಅದು ಸುಮಾರು ೪೬, ಪಾಲಿಎಸ್ಟರಿಗೆ ೪೩, ಪಿ.ವಿ.ಸಿ.ಗೆ ೩೯, ಪಾಲಿಎಥಿಲೀನಿಗೆ ೩೧, ಪಾಲಿಪ್ರೊಪಿಲೀನಿಗೆ ೩೦ರ ಆಸುಪಾಸು, ಟೆಫ್ಲಾನಿಗೆ ೨೦ಕ್ಕಿಂತಲೂ ಕಡಿಮೆ. ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ವಿಲಿಯಂ ಜಿಸ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಕಳೆದ ಶತಮಾನದ ಮಧ್ಯಭಾಗದಲ್ಲಿ ನಡೆಸಿದ ಅಳತೆಗಳಿಂದ ಒಂದು ಸರಳವಾದ ಸೂತ್ರ ಹೊರಬಿದ್ದಿತು: ದ್ರವದ ಎಳೆತವು ಘನದ ಒಂದು ನಿಯತಮಿತಿಗಿಂತ ಕಡಿಮೆಯಾಗಿದ್ದರೆ ದ್ರವ ಚೆನ್ನಾಗಿ ಹರಡುತ್ತದೆ, ಹೆಚ್ಚಾಗಿದ್ದರೆ ಮುದುಡಿಕೊಳ್ಳುತ್ತದೆ. ಎಪಾಕ್ಸಿಯಂಥ ಅಂಟುಗಳ ಎಳೆತ ೪೦ನ್ನು ಮೀರುತ್ತದೆ. ಆದುದರಿಂದ ಅವು ಲೋಹದ ಮೇಲೆ ಸರಾಗವಾಗಿ ಹರಡುತ್ತವೆ, ಪಾಲಿಎಥಿಲೀನಿನ ಮೇಲೆ ಹರಡಲಾರವು. ಬಕೆಟ್ಟಿನ ಸೀಳು ಬಾಯಿ ಬಿಟ್ಟದ್ದರ ಗುಟ್ಟು ಇಲ್ಲಿದೆ.

೨. ಒಲ್ಲದ ಕುಲ

ಪಾಲಿಎಥಿಲೀನ್ ಆಕಸ್ಮಿಕವಾಗಿ ದೊರೆತ ಪದಾರ್ಥ. ೧೯೩೩ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ಎಥಿಲೀನ್ ಅನಿಲವನ್ನು ಅಪಾರ ಒತ್ತಡಕ್ಕೆ ಗುರಿಮಾಡಿದಾಗ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತು ಉಳಿದಿತ್ತು. ಇಂಗಾಲದ ಉದ್ದನೆಯ ಸರಪಳಿ, ಅದರ ಎರಡು ಮಗ್ಗುಲಿಗೂ ಜಲಜನಕ—ಇಷ್ಟೇ ಅದರ ರಚನೆ. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಇದರ ಗಟ್ಟಿಯಾದ ಬಗೆಯನ್ನು ತಯಾರಿಸುವ ದಾರಿ ಕಂಡನು. ಮರುವರ್ಷ ಇಟಲಿಯ ಜೂಲಿಯೊ ನಾಟ್ಟಾ ಇದೇ ದಾರಿಯಲ್ಲಿ ಪಾಲಿಪ್ರೊಪಿಲೀನನ್ನು ಪಡೆದನು. ೧೯೬೩ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಈ ಪದಾರ್ಥಗಳ ಗುಣವೂ ದೋಷವೂ ಒಂದೇ ಮೂಲದಿಂದ ಬಂದವು. ಸರಪಳಿಯಲ್ಲಿ ಇಂಗಾಲ ಮತ್ತು ಜಲಜನಕವಲ್ಲದೆ ಬೇರೆ ಧಾತುವಿಲ್ಲವಾದ್ದರಿಂದ ವಿದ್ಯುತ್ತಿನ ಅಸಮತೋಲವಿಲ್ಲ; ನೀರು, ಆಮ್ಲ, ಕ್ಷಾರ ಯಾವುದೂ ಅದನ್ನು ಹಿಡಿಯುವುದಿಲ್ಲ. ಆದುದರಿಂದಲೇ ಹಾಲು ತುಂಬಲು ಅದು ಯೋಗ್ಯವಾಯಿತು. ಆದರೆ ಹಾಲಿಗೆ ಒಲ್ಲದ ಮೈ ಶಾಯಿಗೂ ಒಲ್ಲದು, ಅಂಟಿಗೂ ಒಲ್ಲದು. ಹಿಡಿಯಲು ಕೈ ಚಾಚಿದರೂ ಹಿಡಿಸಿಕೊಳ್ಳುವ ಕೊಂಡಿ ಆ ಮೈಯಲ್ಲಿಲ್ಲ.

ಪ್ಲಾಸ್ಟಿಕ್ಕೆಂಬ ಒಂದೇ ಹೆಸರಿನಲ್ಲಿ ಕರೆದರೂ ಎಲ್ಲ ಪ್ಲಾಸ್ಟಿಕ್ಕುಗಳ ಸ್ವಭಾವ ಹೀಗಿಲ್ಲ. ಮಯೂರ್ ವಿಹಾರದಂಥ ಬಡಾವಣೆಗಳಲ್ಲಿ ಎರಡು ಬಗೆಯ ಕೊಳವೆಗಳನ್ನು ಹೋಲಿಸಿದರೆ ಇದು ತಿಳಿಯುತ್ತದೆ. ಮಹಡಿಮನೆಗಳ ಗೋಡೆಯಗುಂಟ ಏರುವ ನೀರಿನ ಕೊಳವೆಗಳಲ್ಲಿ ಅನೇಕವು ಪಿ.ವಿ.ಸಿ. ಜಾತಿಯವು. ನಲ್ಲಿ ಕೆಲಸದವನು ಅವುಗಳ ತುದಿಯನ್ನು ಒರಸಿ, ದ್ರಾವಕ ಬೆರೆಸಿದ ಸಿಮೆಂಟನ್ನು ಸವರಿ, ಒಂದರೊಳಗೊಂದನ್ನು ತುರುಕಿ ಸ್ವಲ್ಪ ಹೊತ್ತು ಹಿಡಿದಿರುತ್ತಾನೆ. ದ್ರಾವಕವು ಎರಡೂ ಮೈಗಳನ್ನು ತುಸು ಕರಗಿಸುತ್ತದೆ. ಕರಗಿದ ಸರಪಳಿಗಳು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಎರಡು ಕೊಳವೆಗಳು ಒಂದೇ ಆಗಿರುತ್ತವೆ. ನೆಲದೊಳಗೆ ಹೂತಿರುವ ಅಡಿಗೆ ಅನಿಲದ ಹಳದಿ ಕೊಳವೆಗಳಾದರೋ ಪಾಲಿಎಥಿಲೀನಿನವು. ಸಾಮಾನ್ಯ ಉಷ್ಣತೆಯಲ್ಲಿ ಅದನ್ನು ಕರಗಿಸಬಲ್ಲ ದ್ರಾವಕವಿಲ್ಲ. ಆದುದರಿಂದ ಅಲ್ಲಿ ಅಂಟಿನ ಗೊಡವೆಯಿಲ್ಲ. ಜೋಡಣೆಯ ತುಣುಕಿನೊಳಗೆ ಹುದುಗಿಸಿದ ತಂತಿಗೆ ವಿದ್ಯುತ್ತನ್ನು ಹಾಯಿಸಿ, ಕಾಯಿಸಿ, ಬೆಸೆಯುತ್ತಾರೆ. ಅನಿಲ ಸೋರಿದರೆ ಪ್ರಾಣಾಪಾಯವಾದ್ದರಿಂದ ಇಲ್ಲಿ ಪದಾರ್ಥದ ಕುಲವನ್ನು ತಿಳಿಯದೆ ಕೈಹಾಕುವಂತಿಲ್ಲ.

ಮನೆಯ ಸಾಮಾನಿನ ಕುಲವನ್ನು ತಿಳಿಯಲು ಅದರ ತಳದಲ್ಲಿರುವ ತ್ರಿಕೋನದ ಗುರುತನ್ನು ನೋಡಬಹುದು. ೧೯೮೮ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಸಂಕೇತದಲ್ಲಿ ೨ ಮತ್ತು ೪ ಪಾಲಿಎಥಿಲೀನಿನ ಎರಡು ಬಗೆಗಳು, ೫ ಪಾಲಿಪ್ರೊಪಿಲೀನ್, ೩ ಪಿ.ವಿ.ಸಿ.; ೬ ಪಾಲಿಸ್ಟೈರೀನ್. ಮೂರು ಮತ್ತು ಆರು ಅಂಟಿಗೆ ಒಲಿಯುವಂಥವು. ಎರಡು, ನಾಲ್ಕು, ಐದು ಸಂಸ್ಕಾರವಿಲ್ಲದೆ ಒಲಿಯವು.

೩. ತೊಳೆಯುವುದು, ಉಜ್ಜುವುದು

ಮೈಯನ್ನು ಸಿದ್ಧಪಡಿಸದೆ ಒಂದನ್ನೊಂದಕ್ಕೆ ಹಿಡಿಸಬಾರದೆಂಬುದು ಹೊಸ ಅರಿವೇನಲ್ಲ. ಊರೂರು ತಿರುಗುತ್ತಿದ್ದ ಕಲಾಯಿಗಾರನು ಹಿತ್ತಾಳೆಯ ಪಾತ್ರೆಯನ್ನು ಮರಳು ಹಾಕಿ ತಿಕ್ಕಿ, ಕುಲುಮೆಯ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ಆಮೇಲೆಯೇ ತವರವನ್ನು ಹತ್ತಿಯಿಂದ ಬಳಿಯುತ್ತಿದ್ದನು. ಮರಳು ಕೊಳೆಯನ್ನು ತೆಗೆಯಿತು; ನವಸಾಗರದ ಹೊಗೆಯು ಲೋಹದ ಮೇಲಿದ್ದ ಕಿಲುಬಿನ ಪೊರೆಯನ್ನು ಕಳೆಯಿತು; ಬತ್ತಲೆಯಾದ ಲೋಹಕ್ಕೆ ತವರ ಹಿಡಿಯಿತು. ಸೈಕಲ್ಲಿನ ಪಂಕ್ಚರ್ ಹಾಕುವವನು ಟ್ಯೂಬಿನ ಮೈಯನ್ನು ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಅರೆ ಒಣಗುವ ತನಕ ಕಾದು ತೇಪೆಯನ್ನು ಇಡುತ್ತಾನೆ. ಗಾರೆ ಕೆಲಸದವನು ನುಣುಪಾದ ಹಳೆಯ ಗೋಡೆಗೆ ಉಳಿಯಿಂದ ಕಚ್ಚು ಹೊಡೆದು, ನೀರು ಚಿಮುಕಿಸಿ, ಆಮೇಲೆ ಹೊಸ ಗಾರೆಯನ್ನು ಬಳಿಯುತ್ತಾನೆ. ಈ ಮೂವರೂ ಮಾಡಿದ್ದು ಮೇಲ್ಮೈ ಸಂಸ್ಕಾರವೇ.

ಇದಕ್ಕೆ ವಿರುದ್ಧವಾದ ಕುಶಲತೆಯೂ ಅಡಿಗೆಮನೆಯಲ್ಲಿದೆ. ಹಲಸಿನ ಹಣ್ಣನ್ನು ಬಿಡಿಸುವವರು ಮೊದಲು ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಹಲಸಿನ ಮೇಣ ಎಣ್ಣೆಗೆ ಅಂಟುತ್ತದೆಯೇ ಹೊರತು ಕೈಗಲ್ಲ. ಎಣ್ಣೆಯ ಪದರ ತಾನೇ ದುರ್ಬಲವಾದ್ದರಿಂದ ಮೇಣ ಅದರೊಡನೆ ಕಳಚಿ ಬರುತ್ತದೆ. ಅಂಟಿನ ವಿಜ್ಞಾನದಲ್ಲಿ ಇದಕ್ಕೆ ದುರ್ಬಲ ಗಡಿಪದರವೆಂಬ ಹೆಸರುಂಟು. ಜೆ. ಜೆ. ಬೈಕರ್‌ಮನ್ ೧೯೬೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅಂಟಿದ ಜೋಡಣೆಗಳು ಮುರಿಯುವುದು ಬಹುಮಟ್ಟಿಗೆ ಇಂಥ ದುರ್ಬಲ ಪದರದಲ್ಲಿಯೇ ಎಂದು ಪ್ರತಿಪಾದಿಸಿದರು. ಪ್ಲಾಸ್ಟಿಕ್ ಸಾಮಾನುಗಳ ಮೇಲೆ ಈ ಎಣ್ಣೆ ಹಲವು ರೂಪಗಳಲ್ಲಿರುತ್ತದೆ: ಅಚ್ಚಿನಿಂದ ಬಿಡಿಸಲು ಸಿಂಪಡಿಸಿದ ಸಿಲಿಕೋನ್, ಹಾಳೆಗಳು ಒಂದರ ಮೇಲೊಂದು ಜಾರಲೆಂದು ಒಳಗೇ ಬೆರೆಸಿದ ಕೊಬ್ಬಿನಂಥ ವಸ್ತು, ಕಡೆಗೆ ಬೆರಳಿನ ಜಿಡ್ಡು. ಆದುದರಿಂದ ಎಲ್ಲ ಸಂಸ್ಕಾರಗಳಿಗೂ ಮೊದಲನೆಯದು ಶುದ್ಧಿ: ಸಾಬೂನಿನ ನೀರಿನಿಂದಲೋ ಸ್ಪಿರಿಟ್ಟಿನಿಂದಲೋ ಒರಸಿ, ಒಣಗಿಸಿ, ಮತ್ತೆ ಬರಿಗೈಯಿಂದ ಮುಟ್ಟದಿರುವುದು.

ಎರಡನೆಯದು ಮರಳುಕಾಗದದಿಂದ ಉಜ್ಜುವುದು. ಇದರಿಂದ ಹಳೆಯ ಮೈ ಹೋಗಿ ಹೊಸ ಮೈ ಹೊರಬರುತ್ತದೆ, ಅಂಟು ಕಚ್ಚಿಕೊಳ್ಳಲು ಗೀರುಗಳು ದೊರೆಯುತ್ತವೆ. ನೈಲಾನ್, ಪಿ.ವಿ.ಸಿ., ಎಪಾಕ್ಸಿ ಮೊದಲಾದವುಗಳಿಗೆ ಅನೇಕ ವೇಳೆ ಇಷ್ಟೇ ಸಾಕು. ಆದರೆ ಪಾಲಿಎಥಿಲೀನನ್ನು ಉಜ್ಜಿದರೆ ಒಳಗಿನಿಂದ ಹೊರಡುವುದೂ ಪಾಲಿಎಥಿಲೀನೇ. ಮೈ ಒರಟಾಗುತ್ತದೆ, ಸ್ವಭಾವ ಬದಲಾಗುವುದಿಲ್ಲ. ಹರಡಲೊಲ್ಲದ ಅಂಟು ಗೀರುಗಳ ಮೇಲೆ ಸೇತುವೆಯಂತೆ ನಿಂತು ಕೆಳಗೆ ಗಾಳಿಯನ್ನು ಉಳಿಸುವುದೂ ಉಂಟು. ಇಲ್ಲಿ ಸ್ವಭಾವವನ್ನೇ ತಿದ್ದಬೇಕು.

೪. ನೇರಿಳೆ ಬೆಳಕಿನ ಕೆಳಗೆ

ಹಾಲಿನ ಪೊಟ್ಟಣದ ಹಾಳೆಯ ಸ್ವಭಾವವನ್ನು ತಿದ್ದುವುದು ವಿದ್ಯುತ್ತು. ಈ ವಿಧಾನಕ್ಕೆ ಕೊರೋನಾ ಸಂಸ್ಕಾರವೆಂದು ಹೆಸರು. ಉರಿಯುವ ಸೂರ್ಯನ ಸುತ್ತಣ ಪ್ರಭಾವಳಿಗೆ ಇರುವ ಹೆಸರೇ ಇದಕ್ಕೂ ಬಂದಿದೆ. ಡೆನ್ಮಾರ್ಕಿನ ವರ್ನರ್ ಐಸ್ಬಿ ೧೯೫೧ರಲ್ಲಿ ಇದನ್ನು ಪ್ಲಾಸ್ಟಿಕ್ ಹಾಳೆಗಳಿಗೆ ಅನ್ವಯಿಸಿ ಕೈಗಾರಿಕೆಯ ಬಳಕೆಗೆ ತಂದನು. ಪ್ಲಾಸ್ಟಿಕ್ ಹಾಳೆ ಆಗ ಹೊಸತು. ಅದರ ಮೇಲೆ ಅಚ್ಚು ನಿಲ್ಲುವುದಿಲ್ಲವೆಂಬುದು ತಯಾರಕರ ದೊಡ್ಡ ತಲೆನೋವಾಗಿತ್ತು.

ಯಂತ್ರದ ರಚನೆ ಸರಳವಾದದ್ದು. ನೆಲಕ್ಕೆ ಸಂಪರ್ಕವಿರುವ ಲೋಹದ ಉರುಳೆಯೊಂದರ ಮೇಲೆ ಹಾಳೆ ವೇಗವಾಗಿ ಓಡುತ್ತಿರುತ್ತದೆ. ಹಾಳೆಯಿಂದ ಒಂದೆರಡು ಮಿಲಿಮೀಟರ್ ಮೇಲೆ, ಉರುಳೆಯ ಅಗಲಕ್ಕೂ, ಒಂದು ವಿದ್ಯುದ್ದಂಡವಿರುತ್ತದೆ. ಅದಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡದಲ್ಲಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಹಾಯಿಸುತ್ತಾರೆ. ಕಿಡಿಯು ಒಂದೇ ಕಡೆ ಹಾರಿ ಹಾಳೆಯನ್ನು ತೂತುಮಾಡದಂತೆ ದಂಡದ ಮೇಲೋ ಉರುಳೆಯ ಮೇಲೋ ಪಿಂಗಾಣಿ ಇಲ್ಲವೆ ಸಿಲಿಕೋನ್ ರಬ್ಬರಿನ ಹೊದಿಕೆಯನ್ನು ಕೊಟ್ಟಿರುತ್ತಾರೆ. ನಡುವಣ ಗಾಳಿ ಒಡೆದು ನೇರಿಳೆ ಬಣ್ಣದ ಮಂದ ಬೆಳಕು ಕಾಣಿಸಿಕೊಳ್ಳುತ್ತದೆ. ಗುಡುಗಿನ ಮಳೆಯಾದ ಮೇಲೆ ಬರುವಂಥ ಚುರುಕಾದ ವಾಸನೆ ಹರಡುತ್ತದೆ. ಅದು ಓಜೋನಿನ ವಾಸನೆ. ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಓಜೋನನ್ನು ಹೀರಿ ಹೊರಹಾಕುವ ಏರ್ಪಾಡು ಇರಲೇಬೇಕು. ಯಂತ್ರದ ಬಳಿ ನಿಂತು ದುಡಿಯುವವನ ಆರೋಗ್ಯ ಆ ಏರ್ಪಾಡನ್ನು ಅವಲಂಬಿಸಿದೆ.

ಒಡೆದ ಗಾಳಿಯಲ್ಲಿನ ಎಲೆಕ್ಟ್ರಾನುಗಳೂ ಆಮ್ಲಜನಕದ ಚುರುಕಾದ ಕಣಗಳೂ ಹಾಳೆಯ ಮೈಗೆ ಬಡಿಯುತ್ತವೆ. ಸರಪಳಿಯಿಂದ ಜಲಜನಕದ ಕೆಲವು ಪರಮಾಣುಗಳು ಕಿತ್ತುಹೋಗಿ ಆ ಜಾಗಕ್ಕೆ ಆಮ್ಲಜನಕವಿರುವ ಗುಂಪುಗಳು ಬಂದು ಕೂಡುತ್ತವೆ. ಇವೇ ಮೇಲೆ ಹೇಳಿದ ಕೊಂಡಿಗಳು. ಶಾಯಿಯನ್ನೂ ಅಂಟನ್ನೂ ಹಿಡಿಯಬಲ್ಲವು ಇವು. ಬದಲಾವಣೆಯಾಗುವುದು ಹತ್ತು ನ್ಯಾನೋಮೀಟರಿನಷ್ಟು ಆಳದ ವರೆಗೆ ಮಾತ್ರ. ಹಾಲಿನ ಪೊಟ್ಟಣದ ಹಾಳೆಯ ದಪ್ಪ ಸುಮಾರು ಐವತ್ತು ಮೈಕ್ರಾನ್, ಎಂದರೆ ಐವತ್ತು ಸಾವಿರ ನ್ಯಾನೋಮೀಟರ್. ಐದು ಸಾವಿರ ಪುಟದ ಗ್ರಂಥದಲ್ಲಿ ಒಂದೇ ಒಂದು ಪುಟವನ್ನು ತಿದ್ದಿದಂತಾಯಿತು. ಹಾಳೆಯ ಬಲ, ಬಳುಕು, ನೀರನ್ನು ತಡೆಯುವ ಗುಣ ಯಾವುದೂ ಬದಲಾಗುವುದಿಲ್ಲ.

ಸಂಸ್ಕಾರ ಹಾಳೆಯ ಹೊರಮೈಗೆ ಮಾತ್ರ ಎಂಬುದು ಗಮನಿಸಬೇಕಾದ ವಿಷಯ. ಪೊಟ್ಟಣದ ಅಂಚುಗಳನ್ನು ಮುಚ್ಚುವುದು ಅಂಟಿನಿಂದಲ್ಲ. ಒಳಮೈಗೆ ಒಳಮೈಯನ್ನು ಒತ್ತಿ ಕಾಯಿಸಿ ಬೆಸೆಯುತ್ತಾರೆ. ಒಳಮೈ ಅತಿಯಾಗಿ ಆಮ್ಲಜನಕವನ್ನು ಹೊಂದಿದರೆ ಆ ಬೆಸುಗೆ ಸಡಿಲವಾಗಿ ಹಾಲು ಸೋರುವ ಭಯವುಂಟು. ಉರುಳೆಗೂ ಹಾಳೆಗೂ ನಡುವೆ ಗಾಳಿ ಸಿಕ್ಕಿಕೊಂಡರೆ ಹಿಂಬದಿಗೂ ತಿಳಿಯದಂತೆ ಸಂಸ್ಕಾರವಾಗಿಬಿಡುತ್ತದೆ. ಆಗ ಸುತ್ತಿಟ್ಟ ಸುರುಳಿಯಲ್ಲಿ ಒಂದು ಸುತ್ತಿನ ಶಾಯಿ ಮುಂದಿನ ಸುತ್ತಿನ ಬೆನ್ನಿಗೆ ಹತ್ತಿಕೊಳ್ಳುತ್ತದೆ.

೫. ಜ್ವಾಲೆ, ಪ್ಲಾಸ್ಮಾ, ರಾಸಾಯನಿಕ

ತೆಳುವಾದ ಹಾಳೆಗೆ ಒಪ್ಪುವ ಈ ವಿಧಾನ ದಪ್ಪನೆಯ, ಉಬ್ಬುತಗ್ಗಿನ ವಸ್ತುಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಬಾಟಲಿಗಳಿಗೂ ಮೋಟಾರು ಗಾಡಿಯ ಬಂಪರುಗಳಿಗೂ ಜ್ವಾಲೆಯನ್ನು ಬಳಸುತ್ತಾರೆ. ಅನಿಲಕ್ಕೆ ತುಸು ಹೆಚ್ಚು ಗಾಳಿಯನ್ನು ಬೆರೆಸಿ ಉರಿಸಿದ ನೀಲಿ ಜ್ವಾಲೆಯನ್ನು ಕ್ಷಣಕಾಲ ಮೈಮೇಲೆ ಹಾಯಿಸಿದರೆ ಅಲ್ಲಿಯೂ ಆಮ್ಲಜನಕದ ಗುಂಪುಗಳು ಮೂಡುತ್ತವೆ. ವೇಗ ತಗ್ಗಿದರೆ ಪ್ಲಾಸ್ಟಿಕ್ಕು ಕರಗುತ್ತದೆ, ಹೆಚ್ಚಿದರೆ ಸಂಸ್ಕಾರ ಸಾಲದಾಗುತ್ತದೆ.

ಇನ್ನೂ ನಾಜೂಕಾದ ಕೆಲಸಗಳಿಗೆ, ಉದಾಹರಣೆಗೆ ವೈದ್ಯಕೀಯ ಉಪಕರಣಗಳಿಗೆ, ಪ್ಲಾಸ್ಮಾ ಸಂಸ್ಕಾರವುಂಟು. ಪೆಟ್ಟಿಗೆಯೊಳಗಿನ ಗಾಳಿಯನ್ನು ಬಹುಪಾಲು ಹೊರಗೆಳೆದು, ಆಮ್ಲಜನಕವನ್ನೋ ಆರ್ಗಾನನ್ನೋ ಸ್ವಲ್ಪ ಬಿಟ್ಟು, ವಿದ್ಯುತ್ತಿನಿಂದ ಅದನ್ನು ಬೆಳಗಿಸಿದರೆ ಆ ಹೊಳಪು ವಸ್ತುವಿನ ಸಂದುಗೊಂದುಗಳನ್ನೂ ಸಮನಾಗಿ ಮುಟ್ಟುತ್ತದೆ. ವೆಚ್ಚ ಅಧಿಕವಾದ್ದರಿಂದ ಬೆಲೆಬಾಳುವ ವಸ್ತುಗಳಿಗೇ ಇದು ಮೀಸಲು.

ರಾಸಾಯನಿಕ ಮಾರ್ಗ ಇವೆಲ್ಲಕ್ಕಿಂತ ಉಗ್ರವಾದದ್ದು. ಕ್ರೋಮಿಕ್ ಆಮ್ಲದಲ್ಲಿ ಅದ್ದಿದರೆ ಪಾಲಿಎಥಿಲೀನಿನ ಮೈ ಕೊರೆದು ಅಂಟಿಗೆ ಒಲಿಯುತ್ತದೆ. ಆದರೆ ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರನ್ನು ತರಬಲ್ಲದು. ದ್ರಾವಣವನ್ನು ಚರಂಡಿಗೆ ಬಿಟ್ಟರೆ ನೀರೂ ನೆಲವೂ ಕೆಡುತ್ತವೆ. ಆದುದರಿಂದ ಈ ಮಾರ್ಗವನ್ನು ಕೈಬಿಡುವ ಯತ್ನ ಎಲ್ಲೆಡೆ ನಡೆದಿದೆ. ಟೆಫ್ಲಾನಿಗೆ ಜ್ವಾಲೆಯಾಗಲಿ ಕೊರೋನಾ ಆಗಲಿ ಅಷ್ಟಾಗಿ ನಾಟುವುದಿಲ್ಲ. ಸೋಡಿಯಂ ಧಾತುವನ್ನು ನ್ಯಾಫ್ತಲೀನಿನೊಡನೆ ಬೆರೆಸಿದ ದ್ರಾವಣದಲ್ಲಿ ಅದ್ದಿ ಅದರ ಮೈಯಿಂದ ಫ್ಲೋರಿನನ್ನು ಕೀಳಬೇಕಾಗುತ್ತದೆ. ಬಿಳಿಯ ಟೆಫ್ಲಾನ್ ಆಗ ಕಂದುಬಣ್ಣಕ್ಕೆ ತಿರುಗುತ್ತದೆ.

ಇಷ್ಟು ಒಲ್ಲದ ಟೆಫ್ಲಾನ್ ದೋಸೆಯ ಕಾವಲಿಗೆ ಹೇಗೆ ಅಂಟಿತು ಎಂಬ ಪ್ರಶ್ನೆ ಸಹಜವಾದದ್ದು. ೧೯೩೮ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಟೆಫ್ಲಾನನ್ನು ಕಂಡುಹಿಡಿದನು. ೧೯೫೪ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗೋಯರ್ ಅದನ್ನು ಅಲ್ಯೂಮಿನಿಯಮಿಗೆ ಹಿಡಿಸುವ ಉಪಾಯವನ್ನು ಕಂಡನು. ಆತ ಟೆಫ್ಲಾನನ್ನು ತಿದ್ದುವ ಬದಲು ಲೋಹವನ್ನು ತಿದ್ದಿದನು. ಆಮ್ಲದಿಂದ ಅಲ್ಯೂಮಿನಿಯಮಿನ ಮೈಯನ್ನು ಕೊರೆದು, ಆ ಸೂಕ್ಷ್ಮವಾದ ಗುಳಿಗಳಿಗೆ ಟೆಫ್ಲಾನಿನ ಪುಡಿಯನ್ನು ತುಂಬಿ, ಕಾಯಿಸಿ, ಕಚ್ಚಿಸಿದನು. ಎರಡು ಮೈಗಳಲ್ಲಿ ಒಂದು ಒಲ್ಲದಿದ್ದರೆ ಇನ್ನೊಂದನ್ನು ಅದಕ್ಕೆ ತಕ್ಕಂತೆ ಅಣಿಮಾಡಬಹುದೆಂಬುದಕ್ಕೆ ದಿನವೂ ದೋಸೆ ಮಗುಚುವ ಕಾವಲಿಯೇ ಸಾಕ್ಷಿ.

ಮೇಲ್ಮೈಯ ಸಿದ್ಧತೆ ಎಷ್ಟು ಗಂಭೀರವಾದ ವಿಷಯವೆಂಬುದು ವಿಮಾನ ನಿರ್ಮಾಣದಲ್ಲಿ ಸ್ಪಷ್ಟವಾಗುತ್ತದೆ. ೧೯೫೯ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಬೆಂಗಳೂರಿಗೆ ನೆಲೆ ಬದಲಿಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ತೇಜಸ್ ಯುದ್ಧವಿಮಾನಕ್ಕಾಗಿ ಇಂಗಾಲನಾರು ಮತ್ತು ರಾಳದ ಸಂಯುಕ್ತ ಭಾಗಗಳನ್ನು ರೂಪಿಸಿತು. ೨೦೦೧ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಈ ವಿಮಾನದ ಚೌಕಟ್ಟಿನ ತೂಕದಲ್ಲಿ ನೂರಕ್ಕೆ ನಲವತ್ತೈದರಷ್ಟು ಇಂಥ ಸಂಯುಕ್ತಗಳದು. ಗಟ್ಟಿಯಾದ ಎರಡು ಸಂಯುಕ್ತ ಭಾಗಗಳನ್ನು ಅಂಟಿಸಬೇಕಾದಾಗ ವಿಮಾನ ಕೈಗಾರಿಕೆಯಲ್ಲಿ ಅನುಸರಿಸುವ ಒಂದು ಕ್ರಮವುಂಟು: ಭಾಗವನ್ನು ತಯಾರಿಸುವಾಗಲೇ ಮೇಲೆ ನೈಲಾನಿನಂಥ ಬಟ್ಟೆಯನ್ನು ಹಾಸಿ ರಾಳದೊಡನೆ ಬೇಯಿಸಿರುತ್ತಾರೆ, ಅಂಟಿಸುವ ಹೊತ್ತಿಗೆ ಸರಿಯಾಗಿ ಅದನ್ನು ಸುಲಿದು, ಯಾರ ಕೈಯೂ ತಾಗದ ಹೊಸ ಮೈಯನ್ನು ಹೊರತೆಗೆಯುತ್ತಾರೆ. ಬೆಂಗಳೂರಿನ ಪ್ರಯೋಗಾಲಯ ಹೆಸರು ಪಡೆದದ್ದು ಇನ್ನೊಂದು ಕ್ರಮದಿಂದ: ಹಲವು ಭಾಗಗಳನ್ನು ಹಸಿಯಾಗಿದ್ದಾಗಲೇ ಒಂದುಗೂಡಿಸಿ ಒಟ್ಟಿಗೆ ಬೇಯಿಸುವುದು. ಅಂಟಿಸಬೇಕಾದ ಮೈಗಳ ಸಂಖ್ಯೆಯನ್ನೇ ತಗ್ಗಿಸಿದರೆ ಅವುಗಳ ದೋಷವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

೬. ಮಿತಿಯೂ ಅವಧಿಯೂ

ಸಂಸ್ಕಾರ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸುವುದು ತಪ್ಪು. ಮಿತಿಮೀರಿದರೆ ಸರಪಳಿಗಳು ತುಂಡುತುಂಡಾಗಿ ಮೈಮೇಲೆ ಸಡಿಲವಾದ ಹುಡಿಯಂತೆ ಉಳಿಯುತ್ತವೆ. ನೀರು ಅದರ ಮೇಲೆ ಚೆನ್ನಾಗಿಯೇ ಹರಡುತ್ತದೆ. ಪರೀಕ್ಷೆಯಲ್ಲಿ ಅಂಕಿ ಏರುತ್ತದೆ. ಆದರೆ ಅಂಟು ಹಿಡಿಯುವುದು ಆ ಹುಡಿಯನ್ನು, ಕೆಳಗಿನ ಗಟ್ಟಿ ಮೈಯನ್ನಲ್ಲ. ಹಲಸಿನ ಕೈಯ ಎಣ್ಣೆ ಬೇರೆ ರೂಪದಲ್ಲಿ ಮತ್ತೆ ಬಂದಂತಾಯಿತು.

ಸಂಸ್ಕಾರ ಶಾಶ್ವತವೂ ಅಲ್ಲ. ಪ್ಲಾಸ್ಟಿಕ್ಕಿನ ಸರಪಳಿಗಳು ಘನರೂಪದಲ್ಲಿಯೂ ತುಸು ಹೊರಳಾಡುತ್ತಿರುತ್ತವೆ. ಹೊಸದಾಗಿ ಕೂಡಿದ ಗುಂಪುಗಳು ಕ್ರಮೇಣ ಒಳಮುಖವಾಗುತ್ತವೆ. ಒಳಗೆ ಬೆರೆತಿದ್ದ ಜಾರುಕಾರಕ ವಸ್ತು ದಿನಗಳೆದಂತೆ ಮೇಲಕ್ಕೆ ಒಸರಿ ಮೈಯನ್ನು ಮುಚ್ಚುತ್ತದೆ. ಮೊದಲ ದಿನಗಳಲ್ಲಿ ಇಳಿತ ಹೆಚ್ಚು, ಆಮೇಲೆ ನಿಧಾನ. ಆದುದರಿಂದ ಹಾಳೆ ತಯಾರಾದಾಗ ಒಮ್ಮೆ ಸಂಸ್ಕಾರ ಮಾಡಿದ್ದರೂ ಅಚ್ಚಿಗೆ ಹಾಕುವ ಮುನ್ನ ಮತ್ತೊಮ್ಮೆ ಲಘುವಾಗಿ ಮಾಡುವುದುಂಟು. ಕಾರ್ಖಾನೆಯಲ್ಲಿ ಇದನ್ನು ಪರೀಕ್ಷಿಸಲು ಬೇರೆ ಬೇರೆ ಎಳೆತದ ದ್ರವಗಳ ಶೀಸೆಗಳಿರುತ್ತವೆ. ಗುರುತು ಮಾಡಿದ ದ್ರವವನ್ನು ಹಾಳೆಯ ಮೇಲೆ ಎಳೆದಾಗ ಅದು ಎರಡು ಸೆಕೆಂಡು ಒಡೆಯದೆ ನಿಂತರೆ ಆ ಮಟ್ಟ ಸಿದ್ಧಿಸಿತೆಂದು ಅರ್ಥ. ಅಚ್ಚಿನ ಕೆಲಸಕ್ಕೆ ಸಾಮಾನ್ಯವಾಗಿ ೩೮ರಿಂದ ೪೨ ಡೈನ್ ಬೇಕಾಗುತ್ತದೆ. ಸಂಸ್ಕಾರವಿಲ್ಲದ ೩೧ಕ್ಕೂ ಇದಕ್ಕೂ ಇರುವ ಅಂತರ ಹತ್ತರ ಆಚೀಚೆ ಮಾತ್ರ. ಅಚ್ಚು ನಿಲ್ಲುವುದೂ ಅಳಿಯುವುದೂ ಅಷ್ಟರಲ್ಲಿಯೇ ನಿರ್ಧಾರವಾಗುತ್ತದೆ.

೭. ಅಂಟಿದ್ದನ್ನು ಬಿಡಿಸುವ ಪ್ರಶ್ನೆ

ಮಯೂರ್ ವಿಹಾರದ ಮೂರನೆಯ ಹಂತಕ್ಕೆ ಸಮೀಪದಲ್ಲಿ ಗಾಜೀಪುರದ ಕಸದ ಗುಡ್ಡವಿದೆ. ೧೯೮೪ರಲ್ಲಿ ಕಸ ಸುರಿಯಲು ತೊಡಗಿದ ಈ ತಾಣದ ಧಾರಣಶಕ್ತಿ ೨೦೦೨ರಲ್ಲಿಯೇ ಮುಗಿಯಿತು. ಸುರಿಯುವುದು ಮಾತ್ರ ನಿಲ್ಲಲಿಲ್ಲ. ೨೦೧೭ರ ಸೆಪ್ಟೆಂಬರ್ ೧ರಂದು ಗುಡ್ಡದ ಒಂದು ಪಾರ್ಶ್ವ ಕುಸಿದು ಇಬ್ಬರು ಮೃತರಾದರು. ೨೦೧೯ರ ವೇಳೆಗೆ ಅದರ ಎತ್ತರ ೬೫ ಮೀಟರಿಗೆ ಮುಟ್ಟಿತ್ತು. ಹಾಲಿನ ಸ್ಥಾವರವೂ ಕಸದ ಗುಡ್ಡವೂ ಒಂದೇ ಬಡಾವಣೆಯ ನೆರೆಯಲ್ಲಿರುವುದು ಕೇವಲ ಭೂಗೋಳದ ಸಂಗತಿಯಾದರೂ ಈ ವಿಷಯದ ಎರಡು ಕೊನೆಗಳನ್ನು ಅದು ಕಣ್ಣೆದುರಿಗೆ ತಂದಿರಿಸುತ್ತದೆ.

ಹಾಲಿನ ಪೊಟ್ಟಣ ಒಂದೇ ಕುಲದ ಪದಾರ್ಥದಿಂದಾದದ್ದು. ತೊಳೆದು ಒಣಗಿಸಿ ಗುಜರಿಯವನಿಗೆ ಕೊಟ್ಟರೆ ಅದನ್ನು ಕರಗಿಸಿ ಬೇರೆ ಸಾಮಾನು ಮಾಡಬಹುದು. ಶಾಯಿ ಬೆರೆಯುವುದರಿಂದ ಬಣ್ಣ ಮಾಸುತ್ತದೆ, ದರ್ಜೆ ಇಳಿಯುತ್ತದೆ, ಅಷ್ಟೆ. ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣದ ಕತೆ ಬೇರೆ. ತೇವವನ್ನು ತಡೆಯಲು ಒಂದು ಪದರ, ಗಾಳಿಯನ್ನು ತಡೆಯಲು ಲೋಹದ ಲೇಪ, ಅಚ್ಚಿಗೆ ಒಂದು ಪದರ, ಬೆಸುಗೆಗೆ ಇನ್ನೊಂದು. ಪರಸ್ಪರ ಒಲ್ಲದ ಈ ಪದರಗಳನ್ನು ಕೊರೋನಾ ಸಂಸ್ಕಾರದಿಂದಲೂ ಅಂಟಿನಿಂದಲೂ ಬಿಡಿಸಲಾಗದಂತೆ ಒಂದುಗೂಡಿಸಿರುತ್ತಾರೆ. ಒಟ್ಟಿಗೆ ಕರಗಿಸಿದರೆ ಅವು ಬೆರೆಯುವುದಿಲ್ಲ. ಬೇರ್ಪಡಿಸೋಣವೆಂದರೆ ಅಂಟು ಬಿಡುವುದಿಲ್ಲ. ಗುಜರಿಯವನು ಅದನ್ನು ಕೊಳ್ಳುವುದಿಲ್ಲ. ಆಯುವವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಭಾರತ ಸರಕಾರದ ೨೦೧೬ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಬಹುಪದರದ ಪೊಟ್ಟಣಗಳನ್ನು ಪ್ರತ್ಯೇಕವಾಗಿ ಹೆಸರಿಸಿ ಅವುಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದುವು.

ಆದುದರಿಂದ ಈ ವಿದ್ಯೆಯ ಮುಂದೆ ಹಳೆಯ ಪ್ರಶ್ನೆಯ ಜೊತೆಗೆ ಹೊಸದೊಂದು ಸೇರಿದೆ. ಒಲ್ಲದ ಮೈಗಳನ್ನು ಕೂಡಿಸುವುದು ಹೇಗೆಂಬುದು ಕಳೆದ ಎಪ್ಪತ್ತು ವರ್ಷಗಳ ಪ್ರಶ್ನೆ. ಕೆಲಸ ಮುಗಿದ ಮೇಲೆ ಅವನ್ನು ಬೇಕೆಂದಾಗ ಬಿಡಿಸುವುದು ಹೇಗೆಂಬುದು ಈಗಿನದು. ಬಿಸಿಯಾದ ಕ್ಷಾರದ ನೀರಿನಲ್ಲಿ ತಾನಾಗಿ ಕಳಚುವ ಅಂಟುಗಳನ್ನು ಬಾಟಲಿಯ ಚೀಟಿಗಳಿಗೆ ಈಗಾಗಲೇ ಬಳಸುತ್ತಾರೆ. ಹಲವು ಕುಲಗಳ ಪದರಗಳನ್ನು ಕೂಡಿಸುವ ಬದಲು ಒಂದೇ ಕುಲದ ಬೇರೆ ಬೇರೆ ಬಗೆಗಳಿಂದ ಪೊಟ್ಟಣವನ್ನು ರಚಿಸುವ ಯತ್ನವೂ ಸಾಗಿದೆ.

ಇನ್ನು ಬಚ್ಚಲಿನ ಬಕೆಟ್ಟಿನ ಮಾತು. ತಳದಲ್ಲಿ ೨ ಅಥವಾ ೫ರ ಗುರುತಿದ್ದರೆ ಬರಿಯ ಅಂಟಿಗೆ ಹಣ ಸುರಿಯುವುದು ವ್ಯರ್ಥ. ಪಾಲಿಎಥಿಲೀನಿಗೂ ಪಾಲಿಪ್ರೊಪಿಲೀನಿಗೂ ಬೇರೆಯಾದ ಪೂರ್ವಲೇಪವನ್ನು ಜೊತೆಗಿಟ್ಟು ಮಾರುವ ಅಂಟುಗಳು ದೊರೆಯುತ್ತವೆ. ಮೈಯನ್ನು ತೊಳೆದು, ಒಣಗಿಸಿ, ಆ ಲೇಪವನ್ನು ಸವರಿ ಆಮೇಲೆ ಅಂಟನ್ನು ಹಚ್ಚಿದರೆ ಸಣ್ಣ ಬಿರುಕು ಹಿಡಿದೀತು. ನೀರಿನ ಭಾರ ಹೊರಬೇಕಾದ ಸೀಳಿಗೆ ಕಾಯಿಸಿದ ಸಲಾಕೆಯಿಂದ ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವುದೇ ಮೇಲು. ಹೊಗೆ ಮೂಗಿಗೆ ಬಾರದಂತೆ ಬಯಲಿನಲ್ಲಿ ಮಾಡಬೇಕು. ಎರಡೂ ಆಗದಿದ್ದರೆ ಬಕೆಟ್ಟನ್ನು ಹಾಗೆಯೇ ಗುಜರಿಗೆ ಕೊಡುವುದು ಲೇಸು. ಒಂದೇ ಕುಲದ್ದಾಗಿ ಉಳಿದ ವಸ್ತುವಿಗೆ ಅಲ್ಲಿ ಇನ್ನೂ ಬೆಲೆಯುಂಟು.